ಮಾತಿಲ್ಲದ ಚಿತ್ರದಲ್ಲಿ ಮಾತಿನ ಚಿಕಿತ್ಸೆ: ಪಾಬ್ಸ್ಟ್ ಅವರ ‘ಒಂದು ಆತ್ಮದ ರಹಸ್ಯಗಳು’

(ಚಿತ್ರಪ್ರದರ್ಶನದ ಮರುದಿನ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ನಿನ್ನೆ ಸಂಜೆ ನಾವೆಲ್ಲ ಒಟ್ಟಿಗೆ ಕುಳಿತು ನೋಡಿದ ಚಿತ್ರ ಒಂದು ಕ್ಷೌರದ ಕತ್ತಿಯಿಂದ ಆರಂಭವಾಗುತ್ತದೆ. ಚರ್ಮದ ಪಟ್ಟಿಯ ಮೇಲೆ ಅಲಗು ಹಿಂದಕ್ಕೂ ಮುಂದಕ್ಕೂ ಸರಿಯುತ್ತಿರುತ್ತದೆ. ಅದು ಒಬ್ಬ ಗೃಹಸ್ಥನ ಬೆಳಗಿನ ಸಾಮಾನ್ಯ ಕೆಲಸವೆಂದು ತಿಳಿದ ಮೇಲೂ ನಮ್ಮ ಮನಸ್ಸಿನ ಅಳುಕು ಹೋಗುವುದಿಲ್ಲ. ಪಕ್ಕದ ಕೋಣೆಯಿಂದ ಹೆಂಡತಿ ಕರೆಯುತ್ತಾಳೆ. ಕುತ್ತಿಗೆಯ ಹಿಂಭಾಗದ ಕೂದಲನ್ನು ಸರಿಮಾಡಿಕೊಡಬೇಕೆಂಬುದು ಅವಳ ಕೋರಿಕೆ. ಅವನು ಅದೇ ಕತ್ತಿಯನ್ನು ಹಿಡಿದು ಅವಳ ಬೆನ್ನ ಹಿಂದೆ ನಿಂತಿರುವಾಗ ನೆರೆಮನೆಯಿಂದ ಕೊಲೆಯಾಯಿತೆಂಬ ಕೂಗು ಕೇಳಿಸುತ್ತದೆ; ಕೈ ತಪ್ಪಿ ಅವಳ ಕುತ್ತಿಗೆಗೆ ಸಣ್ಣದೊಂದು ಗಾಯವಾಗುತ್ತದೆ. ಇಡೀ ಚಿತ್ರದ ಬೀಜ ಈ ಗಾಯದಲ್ಲಿದೆ. ‘ಕೇಳಿಸುತ್ತದೆ’ ಎಂದು ನಾನು ಸಲೀಸಾಗಿ ಹೇಳಿದೆನಾದರೂ, ನಿನ್ನೆ ನಮಗೆ ಯಾವ ಕೂಗೂ ಕೇಳಿಸಿರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಬೇಕು. ಆ ಕೂಗು ನಮ್ಮನ್ನು ತಲುಪಿದ್ದು ಅವನ ಕೈ ಬೆಚ್ಚಿದ ರೀತಿಯಿಂದ ಮಾತ್ರ.

‘ಗೆಹೈಮ್‌ನಿಸ್ಸೆ ಐನರ್ ಜೀಲೆ’ ಎಂಬುದು ಇದರ ಜರ್ಮನ್ ಹೆಸರು. ಜರ್ಮನಿಯ ಚಲನಚಿತ್ರ ಸಂಸ್ಥೆ ಊಫಾಗಾಗಿ ಹಾನ್ಸ್ ನೊಯ್ಮನ್ ನಿರ್ಮಿಸಿ, ಜಿ.ಡಬ್ಲ್ಯೂ. ಪಾಬ್ಸ್ಟ್ ನಿರ್ದೇಶಿಸಿದ ಈ ಚಿತ್ರ 1926ರ ಮಾರ್ಚ್ 24ರಂದು ಬರ್ಲಿನ್ನಿನ ಗ್ಲೋರಿಯಾ ಪಲಾಸ್ಟ್ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ ಕಂಡಿತು. ಇದಕ್ಕೆ ಎರಡು ಉದ್ದೇಶಗಳಿದ್ದವು: ಒಂದು ಕಥೆಯನ್ನು ಹೇಳುವುದು, ಹಾಗೆಯೇ ಆಗಿನ್ನೂ ವಿವಾದಗ್ರಸ್ತವಾಗಿದ್ದ ಮನೋವಿಶ್ಲೇಷಣೆಯೆಂಬ ಚಿಕಿತ್ಸಾಕ್ರಮವನ್ನು ಸಾಮಾನ್ಯ ಜನರಿಗೆ ಪರಿಚಯಿಸುವುದು. ಚಿತ್ರದ ಗುಣಗಳು ಮೊದಲ ಉದ್ದೇಶದಿಂದಲೂ ದೋಷಗಳು ಎರಡನೆಯದರಿಂದಲೂ ಬಂದಿವೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಈ ಲೆಕ್ಕ ಅಷ್ಟು ಸುಲಭವಾಗಿ ತಾಳೆಯಾಗುವುದಿಲ್ಲ. ಚಿತ್ರದ ಅತ್ಯಂತ ಸ್ವೋಪಜ್ಞವಾದ ಒಂದು ಕಲ್ಪನೆ ಹುಟ್ಟಿದ್ದು ಚಿಕಿತ್ಸೆಯ ಕೋಣೆಯಲ್ಲಿಯೇ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಸ್ವತಃ ಸಿಗ್ಮಂಡ್ ಫ್ರಾಯ್ಡ್ ಅವರಿಗೆ ಈ ಸಾಹಸ ಸ್ವಲ್ಪವೂ ಇಷ್ಟವಿರಲಿಲ್ಲ. ಇದಕ್ಕೆ ಕೆಲವು ತಿಂಗಳ ಮೊದಲು ಹಾಲಿವುಡ್ಡಿನ ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಒಂದು ಲಕ್ಷ ಡಾಲರುಗಳ ಆಹ್ವಾನದೊಂದಿಗೆ ಅವರನ್ನು ಸಂಪರ್ಕಿಸಲು ಯತ್ನಿಸಿದಾಗ, ಅವರು ಭೇಟಿಗೂ ಒಪ್ಪಿರಲಿಲ್ಲ. ನೊಯ್ಮನ್ ಅವರ ಪ್ರಸ್ತಾವವನ್ನು ಫ್ರಾಯ್ಡ್ ಅವರ ಮುಂದಿಟ್ಟವರು ಬರ್ಲಿನ್ನಿನಲ್ಲಿದ್ದ ಅವರ ಆಪ್ತ ಶಿಷ್ಯ ಕಾರ್ಲ್ ಅಬ್ರಹಾಂ. ನಮ್ಮ ಅಮೂರ್ತ ಪರಿಕಲ್ಪನೆಗಳನ್ನು ಕಣ್ಣಿಗೆ ಕಾಣುವ ರೂಪದಲ್ಲಿ ತೃಪ್ತಿಕರವಾಗಿ ತೋರಿಸುವುದು ಸಾಧ್ಯವೆಂಬ ನಂಬಿಕೆಯೇ ತಮಗಿಲ್ಲ ಎಂಬುದು 1925ರ ಜೂನ್ ತಿಂಗಳ ಪತ್ರದಲ್ಲಿ ಫ್ರಾಯ್ಡ್ ಎತ್ತಿದ ಮುಖ್ಯ ಆಕ್ಷೇಪ. ಆ ಪತ್ರದಲ್ಲಿ ಬರುವ ಒಂದು ವಿವರ ಸ್ವಾರಸ್ಯಕರವಾಗಿದೆ. 1909ರಲ್ಲಿ ಅಮೆರಿಕದ ವೂಸ್ಟರ್ ನಗರದಲ್ಲಿ ಉಪನ್ಯಾಸ ಕೊಡುವಾಗ ಫ್ರಾಯ್ಡ್ ದಮನ ಎಂಬುದನ್ನು, ಅಂದರೆ ಬೇಡವಾದ ವಿಚಾರವನ್ನು ಮನಸ್ಸು ಅರಿವಿನಿಂದ ಹೊರದೂಡುವುದನ್ನು, ವಿವರಿಸಲು ಒಂದು ಹೋಲಿಕೆಯನ್ನು ಬಳಸಿದ್ದರು: ಸಭೆಯಲ್ಲಿ ಗಲಾಟೆ ಮಾಡುವವನೊಬ್ಬನನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿದರೆ, ಅವನು ಹೊರಗಿನಿಂದ ಬಾಗಿಲು ಬಡಿಯುತ್ತಲೇ ಇರುತ್ತಾನೆ. ಈ ಹೋಲಿಕೆಯನ್ನೇ ದೃಶ್ಯವಾಗಿಸಬಹುದೆಂದು ಅಬ್ರಹಾಂ ಸೂಚಿಸಿದ್ದರು. ಹಾಗೆ ಮಾಡಿದರೆ ಅದರಿಂದ ಯಾರಿಗೂ ತಿಳಿವಳಿಕೆ ಬರುವುದಿಲ್ಲ, ನಗು ಮಾತ್ರ ಬರುತ್ತದೆ ಎಂಬ ಅರ್ಥದಲ್ಲಿ ಫ್ರಾಯ್ಡ್ ಅದನ್ನು ತಳ್ಳಿಹಾಕಿದರು. ಅವರ ಅಭಿಪ್ರಾಯ ಸರಿಯಾಗಿತ್ತೆಂದೇ ನನಗೂ ಅನ್ನಿಸುತ್ತದೆ. ಉಪಮೆ ಕಿವಿಗೆ ಹಿತವಾಗಿರುವಷ್ಟು ಕಣ್ಣಿಗೆ ಹಿತವಾಗಿರುವುದಿಲ್ಲ; ಯಾರಾದರೂ ಈ ಸಭಾಂಗಣದ ಬಾಗಿಲನ್ನು ಈಗ ನಿಜವಾಗಿಯೂ ಬಡಿದರೆ ನಮಗೆ ಸುಪ್ತ ಮನಸ್ಸಿನ ನೆನಪಾಗಲಾರದು.

ಫ್ರಾಯ್ಡ್ ಒಪ್ಪದಿದ್ದರೂ ಕೆಲಸ ಮುಂದುವರಿಯಿತು. ಅಬ್ರಹಾಂ ಮತ್ತು ಇನ್ನೊಬ್ಬ ಮನೋವಿಶ್ಲೇಷಕ ಹಾನ್ಸ್ ಝಾಕ್ಸ್ ಸಲಹೆಗಾರರಾದರು. ಅಬ್ರಹಾಂ ಕಾಯಿಲೆ ಬಿದ್ದು 1925ರ ಡಿಸೆಂಬರ್ 25ರಂದು ತೀರಿಕೊಂಡದ್ದರಿಂದ ಹೊಣೆ ಝಾಕ್ಸ್ ಅವರ ಮೇಲೆ ಬಿತ್ತು. ಚಿತ್ರದ ಜೊತೆಗೆ ಮಾರಲು ಝಾಕ್ಸ್ ಒಂದು ಕಿರುಪುಸ್ತಿಕೆಯನ್ನೂ ಬರೆದರು. ಚಿತ್ರಕ್ಕೆ ಪುಸ್ತಿಕೆಯೊಂದರ ಆಸರೆ ಬೇಕೆಂದು ಅದನ್ನು ರೂಪಿಸಿದವರಿಗೇ ಅನ್ನಿಸಿದ್ದು ಗಮನಿಸಬೇಕಾದ ಸಂಗತಿ.

ಕಥೆಯ ಎಳೆ ತೆಳುವಾದದ್ದು. ಮಾರ್ಟಿನ್ ಫೆಲ್‌ಮನ್ ಒಬ್ಬ ರಸಾಯನಶಾಸ್ತ್ರಜ್ಞ. ಹೆಂಡತಿಯ ಮೇಲೆ ಅವನಿಗೆ ಪ್ರೀತಿಯಿದೆ, ಮಕ್ಕಳಾಗಿಲ್ಲ, ಇಬ್ಬರೂ ಬೇರೆಬೇರೆ ಕೋಣೆಗಳಲ್ಲಿ ಮಲಗುತ್ತಾರೆ. ಪೂರ್ವದೇಶಗಳಲ್ಲಿ ಸುತ್ತಾಡುತ್ತಿರುವ, ಬಾಲ್ಯದಲ್ಲಿ ಅವರಿಬ್ಬರ ಒಡನಾಡಿಯೂ ಆಗಿದ್ದ ಬಂಧುವೊಬ್ಬ ತಾನು ಬರುತ್ತಿರುವುದಾಗಿ ಪತ್ರ ಬರೆದು, ಒಂದು ಪುಟ್ಟ ದೇವಿವಿಗ್ರಹವನ್ನೂ ಒಂದು ಕಠಾರಿಯನ್ನೂ ಕಾಣಿಕೆಯಾಗಿ ಕಳಿಸುತ್ತಾನೆ. ಆ ರಾತ್ರಿ ಗುಡುಗುಮಳೆಯ ನಡುವೆ ಮಾರ್ಟಿನ್‌ಗೆ ಭಯಂಕರವಾದ ಕನಸು ಬೀಳುತ್ತದೆ. ಅದರ ಕೊನೆಯಲ್ಲಿ ಅವನು ಹೆಂಡತಿಯನ್ನು ಇರಿಯುತ್ತಾನೆ. ಎಚ್ಚರವಾದ ಮೇಲೆ ಅವನಿಂದ ಕತ್ತಿಯನ್ನಾಗಲಿ ಚಾಕುವನ್ನಾಗಲಿ ಮುಟ್ಟಲಾಗುವುದಿಲ್ಲ. ಕೊನೆಗೆ ಮನೆ ಬಿಟ್ಟು ತಾಯಿಯ ಬಳಿಗೆ ಹೋಗುತ್ತಾನೆ, ಡಾಕ್ಟರ್ ಓರ್ಟ್ ಎಂಬ ಮನೋವಿಶ್ಲೇಷಕನನ್ನು ಕಾಣುತ್ತಾನೆ, ತಿಂಗಳುಗಟ್ಟಲೆ ನಡೆದ ಚಿಕಿತ್ಸೆಯಿಂದ ಗುಣಮುಖನಾಗುತ್ತಾನೆ.

ನಮ್ಮ ಕಡೆಯ ಪ್ರೇಕ್ಷಕರಿಗೆ ಇಲ್ಲಿ ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ನಿನ್ನೆ ವಿರಾಮದಲ್ಲಿ ಇಬ್ಬರು ನನ್ನನ್ನು ಕೇಳಿಯೂ ಕೇಳಿದರು. ಈ ಬಂಧು ಸೋದರತ್ತೆಯ ಮಗನೋ, ಚಿಕ್ಕಪ್ಪನ ಮಗನೋ? ಯುರೋಪಿನ ಭಾಷೆಗಳು ಎಲ್ಲರನ್ನೂ ಒಂದೇ ಪದದಲ್ಲಿ ಮುಗಿಸಿಬಿಡುತ್ತವೆ. ಕನ್ನಡದಲ್ಲಿ ಅವನು ಅಣ್ಣನ ಸ್ಥಾನದವನೋ, ಮದುವೆಯಾಗಬಹುದಾಗಿದ್ದವನೋ ಎಂಬುದು ಸಂಬಂಧವಾಚಕದಲ್ಲಿಯೇ ಇತ್ಯರ್ಥವಾಗುತ್ತದೆ. ಆದ್ದರಿಂದ ಗಂಡನ ಅಸೂಯೆಗೆ ಆಧಾರವಿದೆಯೇ ಇಲ್ಲವೇ ಎಂಬುದೂ ಮೊದಲೇ ಗೊತ್ತಾಗಿಬಿಡುತ್ತದೆ. ಚಿತ್ರದ ಅರ್ಧ ಬಲ ಇರುವುದು ಆ ಆಧಾರ ಗೊತ್ತಾಗದಿರುವುದರಲ್ಲಿ.

ಇನ್ನು ಗುಣಗಳ ವಿಷಯಕ್ಕೆ ಬರೋಣ. ನಾಯಕನಾಗಿ ನಟಿಸಿದ ವೆರ್ನರ್ ಕ್ರೌಸ್ ಅವರು ಅದಕ್ಕೆ ಆರು ವರ್ಷಗಳ ಹಿಂದೆ, ‘ಡಾಕ್ಟರ್ ಕಲಿಗರಿಯ ಕಪಾಟು’ ಎಂಬ ಪ್ರಸಿದ್ಧ ಚಿತ್ರದಲ್ಲಿ ಕಲಿಗರಿಯಾಗಿ ಕಾಣಿಸಿಕೊಂಡಿದ್ದರು. ಆ ಚಿತ್ರದಲ್ಲಿ ಮನಸ್ಸಿನ ಅಸ್ವಸ್ಥತೆ ಗೋಡೆಗಳಿಗೂ ಬೀದಿಗಳಿಗೂ ಹರಡಿಕೊಂಡಿತ್ತು. ಕಿಟಕಿಗಳು ಸೊಟ್ಟಗಿದ್ದವು, ನೆರಳುಗಳಿಗೆ ಬಣ್ಣ ಬಳಿಯಲಾಗಿತ್ತು. ಪಾಬ್ಸ್ಟ್ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದರು. ಫೆಲ್‌ಮನ್‌ನ ಮನೆ ಅನುಕೂಲಸ್ಥ ಮಧ್ಯಮವರ್ಗದ ಯಾವ ಮನೆಯಾದರೂ ಆಗಬಹುದಾಗಿತ್ತು. ಬೆಳಕು ಸಹಜವಾಗಿದೆ, ಪೀಠೋಪಕರಣಗಳು ನೇರವಾಗಿ ನಿಂತಿವೆ, ಕೆಲಸದವಳು ಊಟ ಬಡಿಸುತ್ತಾಳೆ. ಭಯ ಹುಟ್ಟುವುದು ಈ ನೆಮ್ಮದಿಯ ಮನೆಯ ವಸ್ತುಗಳಿಂದಲೇ. ಮಾಂಸ ಕೊಯ್ಯುವ ಚಾಕು ಮೇಜಿನ ಮೇಲೆ ತನ್ನ ಪಾಡಿಗೆ ತಾನು ಬಿದ್ದಿರುತ್ತದೆ. ಅದನ್ನು ಎತ್ತಿಕೊಳ್ಳಲಾರದ ಮನುಷ್ಯ ತನಗೇನೂ ಆಗಿಲ್ಲವೆಂಬಂತೆ ನಟಿಸಲು ಪಡುವ ಪಾಡನ್ನು ಕ್ರೌಸ್ ಬರೀ ಬೆರಳುಗಳಲ್ಲಿ ಅಭಿನಯಿಸಿದ್ದಾರೆ. ಮಾತಿದ್ದಿದ್ದರೆ ಈ ದೃಶ್ಯದಲ್ಲಿ ಯಾರಾದರೂ ‘ಏನಾಯಿತು?’ ಎಂದು ಕೇಳಬೇಕಾಗುತ್ತಿತ್ತು, ಅವನು ಏನಾದರೊಂದು ನೆಪ ಹೇಳಬೇಕಾಗುತ್ತಿತ್ತು. ಮಾತಿಲ್ಲದ್ದರಿಂದ ಕೈಗೂ ಚಾಕುವಿಗೂ ನಡುವಿನ ಗೇಣುದ್ದದ ಜಾಗವೇ ಇಡೀ ದೃಶ್ಯವಾಗಿದೆ.

ಇದಕ್ಕಿಂತಲೂ ಸೂಕ್ಷ್ಮವಾದದ್ದು ಕೀಲಿಕೈಯ ಪ್ರಸಂಗ. ಮನೆಯಲ್ಲಿರಲಾರದೆ ಹೊರಬಿದ್ದ ಮಾರ್ಟಿನ್ ಒಂದು ಕಡೆ ಕುಳಿತು ಕಾಲ ಕಳೆದು, ಎದ್ದು ಹೋಗುವಾಗ ಮನೆಯ ಕೀಲಿಕೈಯನ್ನು ಮೇಜಿನ ಮೇಲೆಯೇ ಬಿಟ್ಟುಹೋಗುತ್ತಾನೆ. ಇನ್ನೊಂದು ಮೇಜಿನಿಂದ ಅವನನ್ನು ಗಮನಿಸುತ್ತಿದ್ದ ಅಪರಿಚಿತನೊಬ್ಬ ಆ ಕೀಲಿಕೈಯನ್ನು ಎತ್ತಿಕೊಂಡು, ಬೀದಿಯುದ್ದಕ್ಕೂ ಅವನನ್ನು ಹಿಂಬಾಲಿಸಿ, ಬಾಗಿಲಿನ ಮುಂದೆ ಜೇಬು ತಡಕುತ್ತ ನಿಂತವನಿಗೆ ಕೊಡುತ್ತಾನೆ. ನಿಮಗೆ ಮನೆಯೊಳಗೆ ಹೋಗದಿರಲು ಏನೋ ಕಾರಣವಿರಬೇಕು ಎನ್ನುತ್ತಾನೆ. ಅವನೇ ಡಾಕ್ಟರ್ ಓರ್ಟ್. ನಿತ್ಯಜೀವನದ ಮರೆವುಗಳಿಗೂ ತಪ್ಪುಗಳಿಗೂ ಕಾರಣವಿರುತ್ತದೆ ಎಂದು ಫ್ರಾಯ್ಡ್ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಆ ಪುಸ್ತಕದ ತಿರುಳು ಈ ಎರಡು ನಿಮಿಷಗಳಲ್ಲಿದೆ. ಅಮೂರ್ತವನ್ನು ಕಣ್ಣಿಗೆ ತೋರಿಸಲಾಗದು ಎಂಬ ಫ್ರಾಯ್ಡ್ ಅವರ ಆಕ್ಷೇಪಕ್ಕೆ ಚಿತ್ರ ಕೊಟ್ಟ ಅತ್ಯುತ್ತಮ ಉತ್ತರ ಇದೇ ಎಂದು ನನ್ನ ಅಭಿಪ್ರಾಯ. ಪಾಬ್ಸ್ಟ್ ಇಲ್ಲಿ ಯಾವ ಅಮೂರ್ತವನ್ನೂ ತೋರಿಸಲು ಹೋಗಿಲ್ಲ. ಮೇಜಿನ ಮೇಲೆ ಒಂದು ಕೀಲಿಕೈಯನ್ನು ಇಟ್ಟು ಸುಮ್ಮನಾಗಿದ್ದಾರೆ.

ಎಲ್ಲರೂ ಮೆಚ್ಚುವುದು ಕನಸಿನ ಭಾಗವನ್ನು. ಮಾರ್ಟಿನ್ ಗಾಳಿಯಲ್ಲಿ ಮೇಲೇರುತ್ತಾನೆ, ಮರದ ಮೇಲೆ ಬಿಸಿಲುಟೋಪಿ ಹಾಕಿಕೊಂಡು ಕುಳಿತ ಬಂಧು ಅವನಿಗೆ ಗುಂಡು ಹಾರಿಸುತ್ತಾನೆ. ನೆಲದೊಳಗಿನಿಂದ ಒಂದು ಗೋಪುರ ತಿರುಗುತ್ತ ಎದ್ದು ನಿಲ್ಲುತ್ತದೆ, ಅದರ ಗಂಟೆಗಳು ನಗುವ ಹೆಂಗಸರ ಮುಖಗಳಾಗುತ್ತವೆ. ಕೊಳದ ನೀರಿನಿಂದ ಒಂದು ಗೊಂಬೆ ಮೇಲೆ ಬಂದು ಹೆಂಡತಿಯ ತೋಳು ಸೇರುತ್ತದೆ. ಗ್ವಿಡೊ ಝೇಬರ್ ಮತ್ತು ಅವರ ಸಂಗಡಿಗರು ಇದನ್ನು ಚಿತ್ರೀಕರಿಸಿದ ಬಗೆ ಆ ಕಾಲಕ್ಕೆ ಬೆರಗು ಹುಟ್ಟಿಸುವಂಥದ್ದು. ಒಂದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮತ್ತೆ ಮತ್ತೆ ಬೆಳಕಿಗೆ ಒಡ್ಡಿ, ಒಂದರ ಮೇಲೊಂದು ಬಿಂಬವನ್ನು ಕ್ಯಾಮೆರಾದೊಳಗೇ ಕೂಡಿಸಬೇಕಾಗಿತ್ತು. ಒಂದು ಬಾರಿ ಲೆಕ್ಕ ತಪ್ಪಿದರೆ ಅಲ್ಲಿಯವರೆಗಿನ ಶ್ರಮವೆಲ್ಲ ನೀರುಪಾಲು. ಝೇಬರ್ 1913ರಲ್ಲೇ ‘ಪ್ರಾಗ್‌ನ ವಿದ್ಯಾರ್ಥಿ’ ಚಿತ್ರದಲ್ಲಿ ಒಬ್ಬನೇ ನಟನನ್ನು ಇಬ್ಬರಾಗಿ ತೋರಿಸಿದ್ದ ಹಳೆಯ ಕೈ.

ಕನಸಿನ ಈ ಭಾಗ ನನಗೂ ಇಷ್ಟವೇ. ಆದರೆ ನಿಜವಾದ ಕನಸಿನಲ್ಲಿ ನಮ್ಮನ್ನು ಕಾಡುವುದು ಅದರ ಅಡ್ಡಾದಿಡ್ಡಿತನ. ಎಲ್ಲಿಗೂ ಸೇರದ ಒಂದು ವಿವರ, ಯಾತಕ್ಕೆ ಬಂದನೆಂದು ತಿಳಿಯದ ಒಬ್ಬ ಮನುಷ್ಯ ಅಲ್ಲಿರುತ್ತಾರೆ. ಈ ಕನಸಿನಲ್ಲಿ ಅಂಥ ಪುಡಿಪುಚ್ಚು ಬಹಳ ಕಡಿಮೆ. ಮುಂದೆ ವೈದ್ಯ ಬಿಡಿಸಬೇಕಾದ ಒಗಟುಗಳನ್ನೇ ಎಣಿಸಿ ಎಣಿಸಿ ಅದರೊಳಗೆ ಇಟ್ಟಂತಿದೆ. ಗೊಂಬೆ ಬಂತೆಂದರೆ ಬಾಲ್ಯದ ಕ್ರಿಸ್‌ಮಸ್ ದಿನ ಆ ಹುಡುಗಿ ತನ್ನ ಗೊಂಬೆಯನ್ನು ಮಾರ್ಟಿನ್‌ಗೆ ಕೊಡದೆ ಬಂಧುವಿಗೆ ಕೊಟ್ಟ ನೆನಪು. ರೈಲು ಬಂತೆಂದರೆ ಅದೇ ದಿನದ ಆಟಿಕೆ ರೈಲು. ಪ್ರತಿ ಬೀಗಕ್ಕೂ ಒಂದೊಂದೇ ಕೀಲಿ. ಒಂದು ಬಿಂಬದಲ್ಲಿ ಹಲವು ಅರ್ಥಗಳು ಒತ್ತೊತ್ತಾಗಿ ಸೇರಿಕೊಂಡಿರುತ್ತವೆ ಎಂದವರು ಫ್ರಾಯ್ಡ್; ಅವರ ಹೆಸರನ್ನು ಮುಂದಿಟ್ಟುಕೊಂಡ ಚಿತ್ರ ಆ ಸಂಕೀರ್ಣತೆಯನ್ನು ಪಾಠದ ಅನುಕೂಲಕ್ಕಾಗಿ ಕೈಬಿಟ್ಟಿತು. ಗೋಪುರದಂಥ ಬಿಂಬಗಳು ಕಾಮಕ್ಕೆ ಸಂಬಂಧಿಸಿದವೆಂಬುದು ಯಾರಿಗಾದರೂ ಹೊಳೆಯುತ್ತದೆ. ವೈದ್ಯನಿಗೆ ಮಾತ್ರ ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚ. ಸಾರ್ವಜನಿಕ ಪ್ರದರ್ಶನದ ಮರ್ಯಾದೆಗೆ ಅಂಜಿ ದಾಂಪತ್ಯದ ನಿಜವಾದ ತೊಡಕನ್ನು ಸಂತಾನವಿಲ್ಲದ ದುಃಖದ ಹಿಂದೆ ಅಡಗಿಸಿದ್ದಾರೆ.

ದೇವಿವಿಗ್ರಹದ ಬಗ್ಗೆಯೂ ಒಂದು ಮಾತು. ಬಂಧು ಕಳಿಸಿದ ಆ ಪುಟ್ಟ ವಿಗ್ರಹ ಕನಸಿನಲ್ಲಿ ಗುಹೆಯೊಳಗೆ ಬೃಹದಾಕಾರವಾಗಿ ಕಾಣಿಸಿಕೊಳ್ಳುತ್ತದೆ. ಜರ್ಮನಿಯ ಆ ಕಾಲದ ಪ್ರೇಕ್ಷಕರಿಗೆ ಪೂರ್ವದೇಶದ ದೇವತೆಯೆಂದರೆ ನಿಗೂಢ, ಕಾಮುಕ, ಹಿಂಸ್ರ ಎಂಬೆಲ್ಲ ಭಾವಗಳು ತಾವಾಗಿ ಒದಗಿಬರುತ್ತಿದ್ದವು. ಚಿತ್ರ ಆ ಸಿದ್ಧಭಾವವನ್ನು ಪುಕ್ಕಟೆಯಾಗಿ ಬಳಸಿಕೊಂಡಿದೆ. ದೇವರ ಮನೆಯಲ್ಲಿ ಅಂಥ ವಿಗ್ರಹಗಳ ಮುಂದೆ ದೀಪ ಹಚ್ಚಿ ಬೆಳೆದ ನಮಗೆ ಅದರಿಂದ ಭಯ ಹುಟ್ಟದಿದ್ದರೆ ಆಶ್ಚರ್ಯವಿಲ್ಲ. ಮನಸ್ಸಿನ ಆಳ ಎಲ್ಲರಲ್ಲಿಯೂ ಒಂದೇ ಎಂದು ಸಾಧಿಸಲು ಹೊರಟ ಚಿತ್ರಕ್ಕೆ ಇದು ಸಣ್ಣ ತೊಡಕೇನಲ್ಲ.

ಈಗ ಚಿಕಿತ್ಸೆಯ ಕೋಣೆಗೆ ಬರಬೇಕು. ಮನೋವಿಶ್ಲೇಷಣೆ ಎಂದರೆ ಮಾತಿನ ಚಿಕಿತ್ಸೆ. ರೋಗಿ ಮಲಗಿಕೊಂಡು ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತ ಹೋಗಬೇಕು; ಅವನ ತಡವರಿಕೆ, ಬಾಯಿತಪ್ಪಿ ಬಂದ ಪದ, ನಡುವಿನ ಮೌನ ಇವೇ ವೈದ್ಯನಿಗೆ ಸಿಗುವ ಸಾಕ್ಷ್ಯ. ಮೂಕಿ ಚಿತ್ರದಲ್ಲಿ ಎಲ್ಲವೂ ಮೌನವೇ ಆಗಿರುವಾಗ ರೋಗಿಯ ಮೌನವನ್ನು ಬೇರೆಯಾಗಿ ಗುರುತಿಸುವುದು ಹೇಗೆ? ಬರಹದ ಫಲಕಗಳನ್ನು ಹಾಕಿದರೆ ತಡವರಿಕೆಯೆಲ್ಲ ಸೋಸಿಹೋಗಿ ಅಚ್ಚುಕಟ್ಟಾದ ವಾಕ್ಯ ಉಳಿಯುತ್ತದೆ. ಎರಡು ವರ್ಷಗಳ ಹಿಂದಷ್ಟೇ, 1924ರಲ್ಲಿ, ಜರ್ಮನ್ ನಿರ್ದೇಶಕ ಮುರ್ನೌ ಅವರು ‘ಕೊನೆಯ ಮನುಷ್ಯ’ ಚಿತ್ರವನ್ನು ಹೆಚ್ಚುಕಡಿಮೆ ಫಲಕಗಳೇ ಇಲ್ಲದೆ ನಡೆಸಿ ತೋರಿಸಿದ್ದರು. ಆದರೆ ಅಲ್ಲಿ ಹೋಟೆಲಿನ ಬಾಗಿಲು ಕಾಯುವವನ ಸಮವಸ್ತ್ರ ಹೋಯಿತೆಂಬುದೇ ಕಥೆ. ಅದನ್ನು ಕಣ್ಣು ನೋಡಿದರೆ ಸಾಕಾಗಿತ್ತು. ಪಾಬ್ಸ್ಟ್ ಎದುರಿಸಿದ ಕಷ್ಟ ಬೇರೆ.

ಅದಕ್ಕೆ ಅವರು ಕಂಡುಕೊಂಡ ಪರಿಹಾರವನ್ನೇ ನಾನು ಆರಂಭದಲ್ಲಿ ಸೂಚಿಸಿದ್ದು. ಮಾರ್ಟಿನ್ ವೈದ್ಯನಿಗೆ ನೆನಪುಗಳನ್ನು ಹೇಳುವಾಗ, ನಾವು ಈಗಾಗಲೇ ನೋಡಿದ ಘಟನೆಗಳು ಮತ್ತೊಮ್ಮೆ ತೆರೆಯ ಮೇಲೆ ಬರುತ್ತವೆ. ಈ ಸಲ ಹಿನ್ನೆಲೆಯಲ್ಲಿ ಕೋಣೆಯಿಲ್ಲ, ಗೋಡೆಯಿಲ್ಲ, ಬರೀ ಬಿಳುಪು. ಗಂಡಹೆಂಡಿರು ಒಂದು ಸಸಿ ನೆಡುತ್ತಿದ್ದಾರೆ, ಸುತ್ತಲೂ ತೋಟವೇ ಇಲ್ಲ. ಹುಟ್ಟದ ಮಗುವಿಗಾಗಿ ಸಿದ್ಧಪಡಿಸಿದ ಕೋಣೆ ಬಿಳಿಯ ಶೂನ್ಯದಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ನೆನಪು ಕೆಲಸ ಮಾಡುವ ರೀತಿಯೇ ಹೀಗೆ ಎಂದು ಥಟ್ಟನೆ ಅನ್ನಿಸುತ್ತದೆ. ನಮಗೆ ನೆನಪಿರುವುದು ಒಂದು ಕೈ, ಒಂದು ಮುಖ, ಒಂದು ವಸ್ತು. ಆ ದಿನ ಹಿಂದಿನ ಗೋಡೆಗೆ ಯಾವ ಬಣ್ಣವಿತ್ತೆಂದು ಯಾರಾದರೂ ಕೇಳಿದರೆ ಉತ್ತರವಿರುವುದಿಲ್ಲ. ಧ್ವನಿಯಿಲ್ಲದ ಚಿತ್ರ ಮಾತಿನ ಚಿಕಿತ್ಸೆಯನ್ನು ನೋಟದ ಚಿಕಿತ್ಸೆಯಾಗಿ ಮಾರ್ಪಡಿಸಿಕೊಂಡದ್ದು ಇಲ್ಲಿ. ಕನಸಿನ ಚಮತ್ಕಾರಗಳಿಗಿಂತ ಈ ಬಿಳಿಯ ಹಿನ್ನೆಲೆ ದೊಡ್ಡ ಸಾಧನೆಯೆಂದು ನಾನು ತಿಳಿಯುತ್ತೇನೆ. ಹತ್ತೊಂಬತ್ತು ವರ್ಷಗಳ ನಂತರ ಹಿಚ್‌ಕಾಕ್ ‘ಸ್ಪೆಲ್‌ಬೌಂಡ್’ ಚಿತ್ರದಲ್ಲಿ ಕನಸನ್ನು ಚಿತ್ರಕಾರ ಸಾಲ್ವಡಾರ್ ಡಾಲಿಯ ಕೈಯಿಂದ ವಿನ್ಯಾಸಗೊಳಿಸಿದರು. ಮಾತೂ ಸಂಗೀತವೂ ಜೊತೆಗಿದ್ದವು. ಅಷ್ಟಿದ್ದರೂ ನೆನಪಿಗೆ ಇಂಥದೊಂದು ರೂಪ ಅಲ್ಲಿ ಸಿಕ್ಕಲಿಲ್ಲ.

ದುರದೃಷ್ಟವೆಂದರೆ, ಈ ಬಿಂಬಗಳು ತಮ್ಮ ಕೆಲಸ ಮಾಡಿ ಮುಗಿಸುವ ಮೊದಲೇ ವೈದ್ಯನ ವಿವರಣೆ ಫಲಕದ ಮೇಲೆ ಬಂದುಬಿಡುತ್ತದೆ. ಸಸಿಯ ಅರ್ಥವೇನು, ಗೊಂಬೆಯ ಅರ್ಥವೇನು ಎಂದು ಪ್ರೇಕ್ಷಕ ತಾನಾಗಿ ತಲುಪಬಹುದಾಗಿದ್ದ ಜಾಗಕ್ಕೆ ಅವನನ್ನು ಕೈಹಿಡಿದು ಕರೆದೊಯ್ಯಲಾಗುತ್ತದೆ. ರಷ್ಯಾದ ರಂಗಭೂಮಿಯಿಂದ ಬಂದ ಪಾವೆಲ್ ಪಾವ್ಲೊವ್ ಡಾಕ್ಟರ್ ಓರ್ಟ್ ಪಾತ್ರವನ್ನು ಸೌಮ್ಯವಾಗಿ, ಘನತೆಯಿಂದ ನಿರ್ವಹಿಸಿದ್ದಾರೆ. ಕುಂದು ಇರುವುದು ಪಾತ್ರರಚನೆಯಲ್ಲಿ. ಓರ್ಟ್ ಎಲ್ಲವನ್ನೂ ಬಲ್ಲವನು, ಎಲ್ಲಿಯೂ ತಪ್ಪದವನು. ರೋಗಿ ವೈದ್ಯನ ಮೇಲೆ ಸಿಟ್ಟಾಗುವುದು, ಅವನನ್ನು ತಂದೆಯಂತೆ ಭಾವಿಸುವುದು, ಬರುವುದಿಲ್ಲವೆಂದು ಹಟ ಹಿಡಿಯುವುದು ಇವೆಲ್ಲ ಚಿಕಿತ್ಸೆಯ ಮುಖ್ಯ ಭಾಗಗಳೆಂದು ಮನೋವಿಶ್ಲೇಷಕರೇ ಹೇಳುತ್ತಾರೆ. ಅವು ಇಲ್ಲಿ ಬರಬೇಕಾದಷ್ಟು ಬಂದಿಲ್ಲ. ತಿಂಗಳುಗಳ ಕಾಲ ನಡೆದ ಹೋರಾಟ ತೆರೆಯ ಮೇಲೆ ಕೆಲವು ಭೇಟಿಗಳಾಗಿ ಕುಗ್ಗಿದೆ. ಕೊನೆಗೆ ಮಾರ್ಟಿನ್ ಆವೇಶದಲ್ಲಿ ಚಾಕುವನ್ನು ಹಿಡಿದು ಇರಿಯುವಂತೆ ಅಭಿನಯಿಸುತ್ತಾನೆ. ನೀವು ಚಾಕು ಹಿಡಿದಿದ್ದೀರಿ ನೋಡಿ ಎಂದು ವೈದ್ಯ ತೋರಿಸಿಕೊಡುತ್ತಲೇ ರೋಗ ಬಿಟ್ಟುಹೋಗುತ್ತದೆ. ನಾಟಕವಾಗಿ ಆ ಕ್ಷಣ ಚೆನ್ನಾಗಿದೆ. ರೋಗಗಳು ಹಾಗೆ ಬಿಟ್ಟುಹೋಗುವುದಿಲ್ಲ.

ಹೆಂಡತಿಯ ಪಾತ್ರದ ವಿಷಯವಾಗಿ ನನ್ನ ಅಸಮಾಧಾನ ಇದಕ್ಕಿಂತ ಹೆಚ್ಚಿನದು. ರೂತ್ ವೇಯರ್ ಅವರ ಮುಖದಲ್ಲಿ ಅನೇಕ ಭಾವಗಳಿಗೆ ಎಡೆಯಿದೆ. ಚಿತ್ರಕ್ಕೆ ಬೇಕಾದದ್ದು ಮಾತ್ರ ಅವರ ಕುತ್ತಿಗೆ. ಕುತ್ತಿಗೆಗೆ ಗಾಯ ಮಾಡಿಸಿಕೊಂಡವಳು ಅವಳು, ಕಾರಣ ತಿಳಿಸದೆ ಗಂಡ ಬಿಟ್ಟುಹೋದದ್ದು ಅವಳನ್ನು, ಮಗುವಿಲ್ಲದ ಕೋಣೆಯ ಬಾಗಿಲನ್ನು ದಿನವೂ ದಾಟಿ ಓಡಾಡುವವಳೂ ಅವಳೇ. ಚಿತ್ರದ ಹೆಸರು ಹೇಳುವಂತೆ ಇಲ್ಲಿ ಆತ್ಮ ಇರುವುದು ಒಂದೇ, ಅದು ಗಂಡನದು. ಅದಕ್ಕೆ ಹೋಲಿಸಿದರೆ ತಾಯಿಯಾಗಿ ಇಲ್ಕಾ ಗ್ರೂನಿಂಗ್ ಅವರಿಗೆ ಸಿಕ್ಕ ದೃಶ್ಯಗಳು ಸಣ್ಣವಾದರೂ ಗಟ್ಟಿಯಾಗಿವೆ. ಮನೆಗೆ ಮರಳಿದ ನಡುವಯಸ್ಸಿನ ಮಗನಿಗೆ ಮಾಂಸವನ್ನು ಕೊಯ್ದು ತುಂಡು ಮಾಡಿಕೊಟ್ಟು, ಅವನು ಮಗುವಿನಂತೆ ಚಮಚದಲ್ಲಿ ತಿನ್ನುವುದನ್ನು ಅವಳು ನೋಡುತ್ತಾಳೆ. ಮಗನ ಕಾಯಿಲೆಯ ಬಗ್ಗೆ ಅವಳಿಗೆ ಒಳಗೊಳಗೇ ಒಂದಿಷ್ಟು ಸಂತೋಷವೂ ಇದ್ದಿರಬಹುದೇ ಎಂಬ ಅನುಮಾನ ಆ ನೋಟದಲ್ಲಿ ಹುಟ್ಟುತ್ತದೆ. ಓರ್ಟ್ ಅದರ ಬಗ್ಗೆ ಏನನ್ನೂ ವಿವರಿಸುವುದಿಲ್ಲ. ಆದ್ದರಿಂದಲೇ ಆ ದೃಶ್ಯ ಇನ್ನೂ ಜೀವಂತವಾಗಿದೆ.

ಉಪಸಂಹಾರದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಬೆಟ್ಟಗಳ ನಡುವೆ ಮಾರ್ಟಿನ್ ಮೀನು ಹಿಡಿಯುತ್ತಿದ್ದಾನೆ, ಹೆಂಡತಿಯನ್ನು ಕಂಡು ಇಳಿಜಾರನ್ನು ಏರಿ ಓಡುತ್ತಾನೆ, ಅಲ್ಲಿ ಒಂದು ಮಗುವೂ ಇದೆ. ಈ ಭಾಗ ಕಥೆಯನ್ನು ಭಾವಾತಿರೇಕದ ನಾಟಕದ ಮಟ್ಟಕ್ಕೆ ಎಳೆಯುತ್ತದೆಂದು ಚಿತ್ರ ವಿಮರ್ಶಕ ಸೀಗ್‌ಫ್ರೀಡ್ ಕ್ರಕವರ್ 1947ರಲ್ಲಿಯೇ ಆಕ್ಷೇಪಿಸಿದ್ದರು. ಅದನ್ನು ಅಲ್ಲಗಳೆಯಲು ನನ್ನಲ್ಲಿ ವಾದವಿಲ್ಲ. ಮನಸ್ಸು ಗುಣವಾದರೆ ಮಗುವಾಗುತ್ತದೆ ಎಂಬಂತೆ ಕಾಣುವ ಈ ಮುಕ್ತಾಯ ಮನೋವಿಶ್ಲೇಷಣೆಯ ಪ್ರಚಾರಕ್ಕೂ ಒಳಿತು ಮಾಡಿರಲಾರದು.

ಕೊನೆಯದಾಗಿ, ಸಂಘಟಕರು ಕೇಳಿದ ಒಂದು ಪ್ರಶ್ನೆಗೆ ಉತ್ತರಿಸಬೇಕು: ಫಲಕಗಳ ಅನುವಾದವಿಲ್ಲದೆ ಈ ಚಿತ್ರವನ್ನು ತೋರಿಸಬಹುದಿತ್ತೇ? ನಾನು ಇದನ್ನು ಮೊದಲ ಸಲ ನೋಡಿದ್ದು ಹಾಗೆಯೇ. ಫಲಕಗಳೆಲ್ಲ ಜರ್ಮನ್ ಭಾಷೆಯಲ್ಲಿದ್ದವು, ನನಗೆ ಅದರ ಒಂದಕ್ಷರವೂ ಬರುತ್ತಿರಲಿಲ್ಲ. ಗೋಪುರ, ಗೊಂಬೆ, ನಗುವ ಗಂಟೆಗಳು ಎಲ್ಲವೂ ಅರ್ಥವಾಗದೆ ಉಳಿದು ಎಷ್ಟೋ ದಿನ ಕಾಡಿದವು. ಅರ್ಥ ತಿಳಿದು ಎರಡನೆಯ ಸಲ ನೋಡಿದಾಗ ಕಾಟ ಕಡಿಮೆಯಾಗಿತ್ತು, ಚಿತ್ರವೂ ಒಂದಿಷ್ಟು ಚಿಕ್ಕದಾದಂತೆ ತೋರಿತು. ಆ ಮೊದಲ ಸಲದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಚಾಕು, ಕೈ, ಬಿಳಿಯ ಮೇಲೆ ನೆಟ್ಟ ಸಸಿ ಎಂದೆಲ್ಲ ಎರಡು ಪುಟ ಇದೆ. ಡಾಕ್ಟರ್ ಓರ್ಟ್ ಬಗ್ಗೆ ಇರುವುದು ಒಂದೇ ಸಾಲು: ‘ಈತ ಕೀಲಿಕೈಯನ್ನು ತಂದುಕೊಟ್ಟವನು.’